ಮೇಣದೊಳಗೆ ಮುಳುಗಿದ ಮಣಿ

ವೈದ್ಯಕೀಯ ಕಾಲೇಜಿನ ನೆಲಮಹಡಿಯಲ್ಲಿ, ಮೆಟ್ಟಿಲುಗಳ ಹಿಂದೆ, ಒಂದು ಉದ್ದನೆಯ ಸಂಗ್ರಹಾಲಯವಿತ್ತು. ಅದರ ತುಂಬ ಗಾಜಿನ ಕಪಾಟುಗಳು, ಕಪಾಟುಗಳ ತುಂಬ ಮನುಷ್ಯನ ಒಳಗಿನ ಸಂಸಾರ. ಒಂದರಲ್ಲಿ ಹೃದಯ, ಇನ್ನೊಂದರಲ್ಲಿ ಮೂತ್ರಪಿಂಡ, ಮತ್ತೊಂದರಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಒಳಗಿವಿ. ಎಲ್ಲವೂ ಮೇಣದಲ್ಲಿ ಮಾಡಿ ಬಣ್ಣ ಕೂಡಿಸಿದವು. ಅವನ್ನು ಮಾಡುತ್ತಿದ್ದ ಹೆಂಗಸನ್ನು ಇಡೀ ಕಾಲೇಜು ಮೇಣದಮ್ಮ ಎಂದು ಕರೆಯುತ್ತಿತ್ತು. ಮನೆಗೆ ಹಾಲು ತರುವವನೂ ಹಾಗೆಯೇ ಕರೆಯುತ್ತಿದ್ದ. ಗಂಡ ಬದುಕಿದ್ದಾಗ ಅವನೂ ಒಮ್ಮೊಮ್ಮೆ, ಜಗಳ ಬಿಗಿದುಕೊಂಡಾಗ, "ನೋಡೇ ಮೇಣದಮ್ಮ, ಸ್ವಲ್ಪ ಕರಗು" ಎನ್ನುತ್ತಿದ್ದನಂತೆ.

ಆಕೆಯ ಕೆಲಸದ ಕೋಣೆ ಸಂಗ್ರಹಾಲಯದ ಕೊನೆಯಲ್ಲಿತ್ತು. ಒಂದೇ ಕಿಟಕಿ, ಅದೂ ಬಿಸಿಲು ಬೀಳದ ದಿಕ್ಕಿಗೆ. ಬಿಸಿಲು ಬಿದ್ದರೆ ಮೇಣ ಮೆತ್ತಗಾಗಿ ಮೂಗು ಬಾಗುತ್ತದೆ, ಕಿವಿ ಜೋಲುತ್ತದೆ. ಒಲೆಯ ಮೇಲೆ ನೀರಿನ ಪಾತ್ರೆ, ಅದರೊಳಗೆ ಮೇಣದ ಪಾತ್ರೆ. ಜೇನುಮೇಣದ ವಾಸನೆಯೂ ರಾಳದ ವಾಸನೆಯೂ ಬೆರೆತು, ಆ ಕೋಣೆಯನ್ನು ಹೊಕ್ಕವರಿಗೆ ಒಂದು ಬಗೆಯ ತೂಕಡಿಕೆ ಬರುತ್ತಿತ್ತು. ಮೇಜಿನ ಮೇಲೆ ಹಲ್ಲಿನ ಡಾಕ್ಟರು ಬಿಸಾಡಿದ ಕೊಕ್ಕೆಗಳು, ಸ್ವೆಟರ್ ಹೆಣೆಯುವ ಕಡ್ಡಿ, ಸವೆದುಹೋದ ಬ್ರಷ್ಷು, ಒಂದು ಟೀ ಚಮಚ. ಮೇಣ ಹದಕ್ಕೆ ಬಂದಿದೆಯೇ ಎಂದು ನೋಡಲು ಆಕೆ ಒಂದು ಹನಿಯನ್ನು ಮುಂಗೈಯ ಒಳಭಾಗಕ್ಕೆ ಬಿಟ್ಟುಕೊಳ್ಳುತ್ತಿದ್ದಳು, ಹಾಲಿನ ಬಿಸಿ ನೋಡುವ ತಾಯಂದಿರ ಹಾಗೆ. ಶ್ವಾಸಕೋಶ ಮಾಡುವಾಗ ತನಗರಿವಿಲ್ಲದೆ ದೀರ್ಘವಾಗಿ ಉಸಿರೆಳೆಯುವಳು. ಕಿವಿ ಮಾಡುವಾಗ ಮಾತ್ರ, ಪಕ್ಕದಲ್ಲಿ ನಿಂತು ಕೂಗಿದರೂ ಆಕೆಗೆ ಕೇಳಿಸುತ್ತಿರಲಿಲ್ಲ.

ಮೂಲೆಯ ಕಪಾಟು ಆಕೆಗೆ ಎಲ್ಲಕ್ಕಿಂತ ಪ್ರಿಯವಾದದ್ದು. ಮನುಷ್ಯ ಮನುಷ್ಯನಾಗುವುದಕ್ಕೆ ಮೊದಲಿನ ಕಥೆ ಅದರಲ್ಲಿತ್ತು. ಕಣ್ಣಿಗೆ ಸಿಕ್ಕೂ ಸಿಗದಷ್ಟು ಸಣ್ಣದನ್ನು ಆಕೆ ನಿಂಬೆಹಣ್ಣಿನ ಗಾತ್ರಕ್ಕೆ ಹಿಗ್ಗಿಸಿ ಸಾಲಾಗಿ ಇಟ್ಟಿದ್ದಳು. ಮೊದಲು ಮಸುಕಾದ ಹೊದಿಕೆಯೊಳಗೆ ಒಂದೇ ಒಂದು ಗುಂಡು. ಪಕ್ಕದಲ್ಲಿ ಅದೇ ಹೊದಿಕೆಯೊಳಗೆ ಎರಡು. ಆಮೇಲೆ ನಾಲ್ಕು, ಆಮೇಲೆ ಎಂಟು, ಆಮೇಲೆ ಎಣಿಸಲು ಬಾರದ, ಹಿಪ್ಪುನೇರಳೆ ಹಣ್ಣಿನಂಥ ಗೊಂಚಲು. ಅಲ್ಲಿಯವರೆಗೆ ಹೊದಿಕೆ ಮಾತ್ರ ದೊಡ್ಡದಾಗುವುದಿಲ್ಲ. ಬಾಡಿಗೆ ಮನೆಯಲ್ಲಿ ಸಂಸಾರ ಬೆಳೆಸಿಕೊಂಡವರಂತೆ ಒಳಗಿನವರು ಒತ್ತೊತ್ತಾಗಿ ಕೂತಿರುತ್ತಾರೆ. ಆನಂತರದ್ದು ಟೊಳ್ಳು ಚೆಂಡು. ಸುತ್ತ ತೆಳ್ಳನೆಯ ಗೋಡೆ, ಒಳಗೆ ನೀರು, ಒಂದು ಬದಿಗೆ ಒತ್ತಿಕೊಂಡ ಪುಟ್ಟ ಗುಂಪು. ಆ ಗುಂಪೇ ಮುಂದೆ ಮಗುವಾಗುತ್ತದೆ, ಗೋಡೆಯಿಂದ ಮಗುವನ್ನು ಸಾಕುವ ಮಾಸು ಬೆಳೆಯುತ್ತದೆ. ಕೊನೆಗೆ, ನಡುವೆ ಸೀಳಿ ತೆರೆದಿಟ್ಟ ಗರ್ಭಕೋಶ. ಕೆಂಪು ಗುಹೆಯಂಥ ಅದರ ಒಳಗೋಡೆಗೆ, ಹೊದಿಕೆ ಕಳಚಿಕೊಂಡು ಹೊರಬಂದ ಆ ಚೆಂಡು ಒಂದು ಬಿಳಿ ಮಣಿಯಾಗಿ ಅಂಟಿಕೊಂಡಿತ್ತು.

ಅದರಾಚೆಯ ಮಾದರಿಯಲ್ಲಿ ಭ್ರೂಣಕ್ಕೆ ಆಗಲೇ ಮೊಗ್ಗಿನಂಥ ಕೈಗಳು ಮೂಡಿದ್ದವು. ನಡುವೆ ಏನೂ ಇಲ್ಲದ ಒಂದು ತೆರಪು. ಆ ಜಾಗದಲ್ಲಿ ಸಂಗ್ರಹಾಲಯದ ಬೀಗದ ಕೈ ನೋಡಿಕೊಳ್ಳುತ್ತಿದ್ದ ಬೀಗದಣ್ಣ ತನ್ನ ಕನ್ನಡಕ ಇಡುತ್ತಿದ್ದ.

ಮೇಣದಮ್ಮನ ಒಬ್ಬಳೇ ಮಗಳು ಬೆಳೆದದ್ದು ಈ ಕಪಾಟುಗಳ ನಡುವೆಯೇ. ಶಾಲೆ ಬಿಟ್ಟೊಡನೆ ಅಲ್ಲಿಗೆ ಬಂದು, ಮೂಲೆಯ ಕಪಾಟಿನ ಮುಂದೆ ನೆಲದ ಮೇಲೆ ಮಲಗಿ, ಗಾಜಿಗೆ ಮೂಗು ಒತ್ತಿಕೊಂಡು ಕನಸು ಕಾಣುವಳು. ಒಂದು ದಿನ ಕಪಾಟಿನ ಬಾಗಿಲು ತೆರೆದಿದ್ದಾಗ ಅವಳ ಮೊಣಕೈ ತಗುಲಿತು. ಗೋಡೆಗೆ ಅಂಟಿದ್ದ ಬಿಳಿ ಮಣಿ ಟಪ್ಪನೆ ಕಳಚಿ ನೆಲದ ಮೇಲೆ ಉರುಳಿ ಬಾಗಿಲವರೆಗೂ ಹೋಯಿತು.

"ಅಯ್ಯೋ ಮಾರಾಯ್ತಿ, ಬೀಳಿಸಿಬಿಟ್ಯಲ್ಲೇ!" ಎಂದು ಬೀಗದಣ್ಣ ತಲೆ ಮೇಲೆ ಕೈ ಹೊತ್ತ.

ಮೇಣದಮ್ಮ ಬೈಯಲಿಲ್ಲ. ಮಣಿಯನ್ನು ಸೆರಗಿನಿಂದ ಒರೆಸಿ, ಒಂದು ಹನಿ ಬಿಸಿ ಮೇಣ ಬಿಟ್ಟು ಇದ್ದಲ್ಲೇ ಅಂಟಿಸಿದಳು. ಮಗಳು ಕಣ್ಣರಳಿಸಿ ನೋಡುತ್ತ, "ಎಷ್ಟು ಸುಲಭವಾಗಿ ಬಿತ್ತಲ್ಲಮ್ಮಾ" ಎಂದಳು. ಆಕೆ "ಹೂಂ" ಎಂದು ಕೈ ಒರೆಸಿಕೊಂಡಳು. ಅಲ್ಲಿಗೆ ಮರೆತಳು.

ಮಗಳು ದೊಡ್ಡವಳಾಗಿ ಈಜು ಕಲಿಸುವವಳಾದಳು. ಊರಿನ ಈಜುಕೊಳದಲ್ಲಿ ಬೆಳಗಿನಿಂದ ಸಂಜೆಯವರೆಗೆ ಚಿಕ್ಕ ಮಕ್ಕಳನ್ನು ನೀರಿಗೆ ಇಳಿಸುವುದೇ ಅವಳ ಕೆಲಸ. ಮದುವೆಯಾದದ್ದು ಪಕ್ಕದ ಬೀದಿಯ ಕ್ಷೌರದಂಗಡಿಯವನನ್ನು. ಅಳಿಯನ ಕತ್ತರಿ ಒಂದು ಸಲ ಆಡಿದರೆ ನಾಲಿಗೆ ಹತ್ತು ಸಲ ಆಡುತ್ತಿತ್ತು. ಅವನ ಅಂಗಡಿಯಲ್ಲಿ ಕೂದಲಿಗಿಂತ ಸುದ್ದಿಯೇ ಹೆಚ್ಚು ಉದುರುತ್ತದೆ ಎಂದು ಮೇಣದಮ್ಮ ನಗುತ್ತಿದ್ದಳು. ಇಬ್ಬರಿಗೂ ಮಕ್ಕಳೆಂದರೆ ಪ್ರಾಣ. ಆದರೆ ಬಸಿರು ಎರಡು ಸಲ ಕಟ್ಟಿತು, ಎರಡು ಸಲವೂ ನಿಲ್ಲಲಿಲ್ಲ. ಹೊಟ್ಟೆ ಕಾಣುವುದಿರಲಿ, ನೆರೆಹೊರೆಗೆ ಸುಳಿವು ಹತ್ತುವ ಮೊದಲೇ ಅದು ಹೊರಟುಹೋಗಿತ್ತು.

ಮೂರನೆಯ ಸಲ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಬೆಳೆಸಿದ ಅವರದೇ ಭ್ರೂಣವನ್ನು ಅವಳ ಗರ್ಭದೊಳಗೆ ಇಟ್ಟರು. ಒಳಗಿಡುವ ಮೊದಲು ಅದನ್ನು ಒಂದು ಪರದೆಯ ಮೇಲೆ ತೋರಿಸಿದರಂತೆ. ಕತ್ತಲಲ್ಲಿ ತೇಲುವ ಬೆಳ್ಳಿಯ ಗುಳ್ಳೆ. "ಅಮ್ಮ, ನೀನು ಮಾಡಿದ್ದರ ಥರಾನೇ ಇತ್ತು. ಹಾಗೇ ಒಂದು ಪಕ್ಕಕ್ಕೆ ಗುಂಪು" ಎಂದು ಮಗಳು ಬೆರಳಿಂದ ಗಾಳಿಯಲ್ಲೇ ಗುಂಡು ಬರೆದು ತೋರಿಸಿದಳು. ತೆಳ್ಳನೆಯ ನಳಿಕೆಯಲ್ಲಿ ಅದನ್ನು ಒಳಗೆ ಬಿಟ್ಟ ಡಾಕ್ಟರು, ಮನೆಗೆ ಹೋಗಿ ಎಂದಿನಂತೆ ಇರಿ, ಓಡಾಡಿ ಎಂದು ಹೇಳಿ ಕಳಿಸಿದರು. ಮಗಳು ಹಾಗೆ ಮಾಡಲಿಲ್ಲ. ತನ್ನ ಮನೆಗೆ ಮೆಟ್ಟಿಲು ಹತ್ತಬೇಕೆಂದು ನೇರವಾಗಿ ಅಮ್ಮನ ಮನೆಗೆ ಬಂದು, ಅಡುಗೆಮನೆಗೆ ಎದುರಾಗಿದ್ದ ಕೋಣೆಯಲ್ಲಿ ಅಂಗಾತ ಮಲಗಿಬಿಟ್ಟಳು.

ಆಮೇಲೆ ಆ ಮನೆಗೆ ಹೊಸ ಕಾನೂನುಗಳು ಬಂದವು. ಮೆಣಸು ಕುಟ್ಟುವಂತಿಲ್ಲ, ಸೀನು ಬಂದೀತು. ಬಾಗಿಲು ಬಡಿಯುವಂತಿಲ್ಲ, ಬೆಚ್ಚಿ ಬಿದ್ದೇನು. ಊಟ ಮಲಗಿದಲ್ಲಿಗೇ. ಮಗ್ಗುಲು ಬದಲಿಸಬೇಕಾದರೆ ಎರಡು ಕೈಯಿಂದ ಹೊಟ್ಟೆಯನ್ನು ಹಿಡಿದು, ಉಸಿರು ಬಿಗಿದು, ತುಂಬಿದ ಬಟ್ಟಲನ್ನು ಸಾಗಿಸುವವಳಂತೆ ಇಂಚಿಂಚಾಗಿ ಹೊರಳುವಳು. ಎಲ್ಲಕ್ಕಿಂತ ಕಠಿಣವಾದ ಕಾನೂನು ಅಳಿಯನಿಗೆ: ನಗಿಸುವಂತಿಲ್ಲ.

ಅಂಗಡಿ ಮುಚ್ಚಿ ಬಂದ ಅವನು ಬಾಗಿಲಲ್ಲೇ ಚಡಪಡಿಸುತ್ತಿದ್ದ.

"ಏನೇ, ಇವತ್ತು ಅಂಗಡೀಲಿ ಏನಾಯ್ತು ಗೊತ್ತಾ..."

"ರೀ, ಬೇಡ."

"ನಗು ಬರೋ ಮಾತಲ್ಲ ಕಣೇ. ಬರೀ ಸುದ್ದಿ."

"ನೀವು ಹೇಳಿದ್ರೆ ಸಾವಿನ ಸುದ್ದಿಗೂ ನಗು ಬರುತ್ತೆ. ಆಮೇಲೆ ಹೇಳಿ."

"ಆಮೇಲೆ ಅಂದ್ರೆ ಯಾವಾಗ? ಒಂಬತ್ತು ತಿಂಗಳಾದ ಮೇಲಾ?"

ಅವಳ ತುಟಿ ನಡುಗಿತು, ನಗುವಿಗೋ ಅಳುವಿಗೋ ತಿಳಿಯಲಿಲ್ಲ. ಕೂಡಲೇ ಹೊಟ್ಟೆ ಹಿಡಿದುಕೊಂಡಳು. ಅಳಿಯ ಬಾಯಿಗೆ ಬೀಗ ಹಾಕಿಕೊಂಡು ಅಡುಗೆಮನೆಗೆ ಬಂದು, "ಅತ್ತೆ, ಹೊಟ್ಟೇಲಿ ಮಾತು ಸೇರಿಕೊಂಡು ಊಟ ಇಳೀತಿಲ್ಲ" ಎಂದು ಪಿಸುಗುಟ್ಟಿದ. ಮೇಣದಮ್ಮನಿಗೆ ನಗುವೂ ಬಂತು, ಕನಿಕರವೂ ಆಯಿತು.

ಮರುದಿನ ಮಧ್ಯಾಹ್ನ ಆಕೆ ಮಗಳ ಪಕ್ಕದಲ್ಲಿ ಕೂತು ತಲೆ ನೇವರಿಸಿದಳು. ಮಂಚದ ಮೇಲೆ ಪರದೆಯಿಂದ ಸೋಸಿದ ಬೆಳಕು ಬಿದ್ದು, ಕೋಣೆಯೆಲ್ಲ ನೀರಿನಡಿ ಇದ್ದಂತೆ ಕಾಣುತ್ತಿತ್ತು.

"ಪುಟ್ಟಿ, ಡಾಕ್ಟರು ಓಡಾಡು ಅಂದಿದ್ದಾರಲ್ಲೇ. ಒಂದು ಸಲ ಅಂಗಳದವರೆಗೆ ಹೋಗಿ ಬರಬಾರದಾ?"

"ಡಾಕ್ಟರು ಎಲ್ಲರಿಗೂ ಹಾಗೇ ಹೇಳ್ತಾರೆ."

"ಮಲಗಿದ್ರೆ ನಿಲ್ಲುತ್ತೆ ಅಂತ ಯಾರು ಹೇಳಿದ್ರು?"

ಮಗಳು ಸೂರಿನ ಕಡೆ ನೋಡುತ್ತಲೇ ಹೇಳಿದಳು: "ಮೊದಲನೇ ಸಲ, ಒಂದು ಮಗು ಹೆದರಿಕೊಂಡಿತ್ತು ಅಂತ ನಾನೇ ಹಲಗೆ ಮೇಲಿಂದ ನೀರಿಗೆ ಹಾರಿ ತೋರಿಸ್ದೆ. ಎರಡನೇ ಸಲ ಇವರು ಏನೋ ಹೇಳಿದ್ರು, ಬಿದ್ದು ಬಿದ್ದು ನಕ್ಕೆ. ನನಗೆ ಗೊತ್ತಮ್ಮ, ಅದು ಎಷ್ಟು ಸುಲಭವಾಗಿ ಬೀಳುತ್ತೆ ಅಂತ. ಬರೀ ಅಂಟಿಕೊಂಡಿರುತ್ತೆ, ಗೋಡೆಗೆ ಮಣಿ ಥರ. ನೀನೇ ಮಾಡಿದ್ದಲ್ವಾ? ಮೊಣಕೈ ತಾಗಿದ್ದಷ್ಟೇ, ಬಾಗಿಲವರೆಗೂ ಉರುಳಿ ಹೋಯ್ತು."

ಮೇಣದಮ್ಮನ ನೇವರಿಸುತ್ತಿದ್ದ ಕೈ ಹಾಗೇ ನಿಂತಿತು.

ಊಟದ ಬಿಡುವು ಮುಗಿದು ಕಾಲೇಜಿಗೆ ಮರಳಿದ ಆಕೆ ತನ್ನ ಕೋಣೆಗೆ ಹೋಗದೆ, ನೇರವಾಗಿ ಪಾಠದ ಡಾಕ್ಟರಮ್ಮನ ಕೋಣೆಗೆ ಹೋದಳು. ಶರೀರರಚನೆಯ ಪಾಠ ಹೇಳುತ್ತಿದ್ದ ಡಾಕ್ಟರಮ್ಮ ಆಕೆಯ ವಯಸ್ಸಿನವರೇ. ತೋಳಿನ ಮೇಲೆ ಸದಾ ಸೀಮೆಸುಣ್ಣದ ಪುಡಿ. ಎಳ್ಳು ಉದುರಿಸಿದ ಬನ್ನನ್ನು ಚಹಾದಲ್ಲಿ ಅದ್ದಿ ತಿನ್ನುತ್ತಿದ್ದರು.

"ಮೇಡಂ, ಮಣಿ ಬೀಳುತ್ತಾ?"

"ಯಾವ ಮಣಿ? ಕೂತ್ಕೊಳ್ಳಿ ಮೇಣದಮ್ಮ, ಮುಖ ಯಾಕೆ ಹೀಗಾಗಿದೆ?"

ಆಕೆ ಎಲ್ಲವನ್ನೂ ಹೇಳಿದಳು. ಡಾಕ್ಟರಮ್ಮ ಬನ್ನಿನಿಂದ ಒಂದು ಎಳ್ಳುಕಾಳನ್ನು ಬಿಡಿಸಿ, ಅಂಗೈ ಒದ್ದೆ ಮಾಡಿಕೊಂಡು ಅದರ ಮೇಲಿಟ್ಟು, ಇನ್ನೊಂದು ಅಂಗೈ ಮುಚ್ಚಿದರು. ಎರಡು ಕೈಗಳನ್ನೂ ಜೋಡಿಸಿ ಮೇಲೆ ಕೆಳಗೆ ಕುಲುಕಿದರು.

"ಬಿತ್ತಾ? ಗರ್ಭಕೋಶ ನೀವು ಮಾಡಿಟ್ಟ ಹಾಗೆ ಗುಹೆ ಅಲ್ಲ ಕಣ್ರೀ. ಒಳಗೆ ಜಾಗವೇ ಇಲ್ಲ. ಮುಂದಿನ ಗೋಡೆ, ಹಿಂದಿನ ಗೋಡೆ ಹೀಗೇ ತಾಗಿಕೊಂಡಿರುತ್ತೆ. ಬೀಳೋದಾದ್ರೂ ಎಲ್ಲಿಗೆ? ಮತ್ತೆ ಅದು ಬರೀ ಅಂಟಿಕೊಂಡು ಕೂರೋ ಪೈಕಿಯೂ ಅಲ್ಲ. ಮೊದಲು ಹೊದಿಕೆ ಬಿಟ್ಟು ಹೊರಗೆ ಬರುತ್ತೆ. ಗೋಡೆಗೆ ತಾಗುತ್ತೆ. ಆಮೇಲೆ ಮೆಲ್ಲಗೆ ಒಳಗೆ ಇಳಿಯುತ್ತೆ, ಇಳಿದು ಪೂರ್ತಿ ಹೂತುಕೊಳ್ಳುತ್ತೆ. ಆ ಗೋಡೆ ಅದಕ್ಕೋಸ್ಕರವೇ ಮೆತ್ತಗಾಗಿ, ರಸ ತುಂಬಿಕೊಂಡು ಕಾದಿರುತ್ತೆ. ಇಳಿದ ಮೇಲೆ ದಾರೀನೂ ಮುಚ್ಚಿಹೋಗುತ್ತೆ. ಮೇಲಿಂದ ನೋಡಿದ್ರೆ ಏನೂ ಕಾಣಲ್ಲ."

"ಇದನ್ನೆಲ್ಲ ನಾನೂ ಕೇಳಿದ್ದೀನಿ ಮೇಡಂ. ನಿಮ್ಮ ಪಾಠ ಗೋಡೆಯಾಚೆಗೂ ಕೇಳುತ್ತೆ. ಆದ್ರೆ ಮಾಡ್ಲಿಲ್ಲ."

"ಯಾಕೆ ಮಾಡ್ಲಿಲ್ಲ?"

"ನೀವೇ ಹೇಳಿದ್ರಿ, ಹಿಂದಿನ ಬೆಂಚಿನವರಿಗೂ ಕಾಣಬೇಕು ಅಂತ. ಕಾಣದ್ದನ್ನ ಮಾಡಿ ಏನು ಪ್ರಯೋಜನ ಅಂತ ಬಿಟ್ವಿ."

ಡಾಕ್ಟರಮ್ಮ ನೆನಪಿಸಿಕೊಂಡು ಹಣೆ ಚಚ್ಚಿಕೊಂಡರು. "ಹೌದಲ್ರೀ, ನಾನೇ ಹೇಳಿದ್ದು! ತಾಗೋ ಗಳಿಗೆ ಹಾಗೇ ಇರುತ್ತೆ, ಸುಳ್ಳಲ್ಲ. ಆದ್ರೆ ಅದು ಬರೀ ಒಂದು ಗಳಿಗೆ. ನಾವು ಅದನ್ನೇ ಹಿಡಿದು ಗಾಜಿನ ಪೆಟ್ಟಿಗೇಲಿ ನಿಲ್ಲಿಸಿಬಿಟ್ವಿ."

"ಹಾಗಾದ್ರೆ ನಿಲ್ಲದೇ ಹೋದವು ಯಾಕೆ ಹೋದ್ವು?"

"ಬಹಳಷ್ಟು ಸಲ ಅವುಗಳ ಒಳಗಿನ ಕಟ್ಟೇ ಮೊದಲಿಂದ ತಪ್ಪಿರುತ್ತೆ. ಸ್ವಲ್ಪ ದೂರ ಬೆಳೆದು ನಿಂತುಬಿಡುತ್ತವೆ. ಅಮ್ಮ ಹಾರಿದ್ದಕ್ಕಲ್ಲ, ನಕ್ಕಿದ್ದಕ್ಕಲ್ಲ. ಇನ್ನು ಕೆಲವು ಸಲ ಯಾಕೆ ಅಂತ ನಮಗೂ ಗೊತ್ತಾಗಲ್ಲ."

ಮೇಣದಮ್ಮ ಬಾಗಿಲವರೆಗೆ ಹೋಗಿ ತಿರುಗಿ ಬಂದಳು. "ಮೇಡಂ, ನಾನು ಹೇಳಿ ಎಬ್ಬಿಸಿದೆ ಅಂತಿಟ್ಕೊಳ್ಳಿ. ಎದ್ದು ಓಡಾಡಿದ ಮೇಲೆ ಇದೂ ನಿಲ್ಲಲಿಲ್ಲ ಅಂದ್ರೆ? ಆಗ ಎದ್ದಿದ್ದಕ್ಕೇ ಹೋಯ್ತು ಅಂತಾಳೆ. ಜೀವಮಾನವೆಲ್ಲ ಅಂತಾಳೆ."

ಡಾಕ್ಟರಮ್ಮ ಅಗಿಯುವುದನ್ನು ನಿಲ್ಲಿಸಿದರು. "ಅಂದ್ರೂ ಅನ್ನಬಹುದು" ಎಂದರು ಮೆಲ್ಲಗೆ. "ಅದಕ್ಕೆ ನನ್ನ ಹತ್ರ ಔಷಧಿ ಇಲ್ಲ."

ಮನೆಗೆ ಹೋಗುವ ದಾರಿಯುದ್ದಕ್ಕೂ ಆ ಮಾತು ಜೊತೆಗೇ ನಡೆದು ಬಂತು. ಬೀದಿಯ ಜನ, ಬಸ್ಸು, ಅಂಗಡಿಗಳ ದೀಪ, ಎಲ್ಲವೂ ಆಕೆಗೆ ದೂರದಲ್ಲಿ ತೇಲುತ್ತಿರುವಂತೆ ಕಂಡವು. ಈ ಬೀದಿಯಲ್ಲಿ ಹೋಗುತ್ತಿರುವ ಒಬ್ಬೊಬ್ಬರೂ, ಮೀಸೆ ಹೊತ್ತ ಪೊಲೀಸಿನವನೂ, ತರಕಾರಿಗೆ ಚೌಕಾಶಿ ಮಾಡುತ್ತಿರುವ ಮುದುಕಿಯೂ, ಒಂದು ಕಾಲಕ್ಕೆ ಹೀಗೆ ಯಾರೂ ಕಾಣದಂತೆ ಒಂದು ಮೆತ್ತನೆಯ ಕತ್ತಲೆಗೆ ಇಳಿದವರೇ ಅಲ್ಲವೇ ಎಂದುಕೊಂಡಳು. ಯಾರೂ ಅವರನ್ನು ಒಳಗೆ ತಳ್ಳಿರಲಿಲ್ಲ. ಗಾಳಿಗೆ ಬಾಗುವ ಹುಲ್ಲಿನಂಥ ಸಣ್ಣ ಎಳೆಗಳು ಅವರನ್ನು ಅಂಡನಾಳದ ದಾರಿಯಲ್ಲಿ ಮೆಲ್ಲಮೆಲ್ಲಗೆ ಸಾಗಿಸಿದ್ದವು. ಆಮೇಲೆ ಅವರೇ ಒಂದು ಜಾಗ ಹಿಡಿದು ಮುಳುಗಿದ್ದರು.

ಬಾಯಿಮಾತಿನಿಂದ ಆಗುವ ಕೆಲಸ ಇದಲ್ಲವೆಂದು ಆಕೆಗೆ ಖಚಿತವಾಯಿತು. ಕಣ್ಣಿಂದ ಒಳಹೊಕ್ಕ ಭಯವನ್ನು ಕಣ್ಣಿಂದಲೇ ತೆಗೆಯಬೇಕು. ರಜೆ ಹಾಕಿ, ಮೇಣದ ಗಟ್ಟಿಗಳನ್ನೂ ಬಣ್ಣವನ್ನೂ ಮನೆಗೆ ಹೊತ್ತು ತಂದು, ಅಡುಗೆಮನೆಯಲ್ಲಿ, ಮಗಳಿಗೆ ಕಾಣುವ ಹಾಗೆ ಒಲೆ ಹಚ್ಚಿದಳು. ಮಗಳು ಏನೆಂದು ಕೇಳಲಿಲ್ಲ. ಆದರೆ ಜೇನುಮೇಣದ ವಾಸನೆ ಬಂದೊಡನೆ ಮುಖವನ್ನು ಆ ಕಡೆಗೆ ತಿರುಗಿಸಿದಳು.

ಕೆಲಸ ಅಂದುಕೊಂಡಷ್ಟು ಸುಲಭವಾಗಿರಲಿಲ್ಲ. ಅಗಲವಾದ ಬೋಗುಣಿಯಲ್ಲಿ ಕೆಂಪು ಮೇಣ ಹರಡಿ ಅದರ ಮೇಲೆ ಬಿಳಿ ಮಣಿ ಇಟ್ಟಳು. ಆರಿದ ಮೇಣ ಮಣಿಯನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಬೋಗುಣಿ ಓರೆ ಮಾಡಿದರೆ ಮಣಿ ಉರುಳಿ ಬಿತ್ತು. ಇನ್ನೊಮ್ಮೆ, ಬಿಸಿಯಾಗಿದ್ದಾಗಲೇ ಇಟ್ಟಳು. ಮಣಿ ಕರಗಿ ಒಂದು ಬಿಳಿ ಕಲೆಯಾಗಿ ಹರಡಿಕೊಂಡಿತು. ಬಿಸಿಗೂ ಆರುವುದಕ್ಕೂ ನಡುವೆ ಒಂದು ಹದ ಇತ್ತು. ಅದು ಬಂದದ್ದೂ ಗೊತ್ತಾಗುತ್ತಿರಲಿಲ್ಲ, ಹೋದದ್ದೂ ಗೊತ್ತಾಗುತ್ತಿರಲಿಲ್ಲ. ಗರ್ಭಕೋಶದ ಗೋಡೆಗೂ ಹೀಗೊಂದು ಹದವಿದೆ, ಅದು ಮುಂಚೆಯೂ ಸಲ್ಲದು, ತಡವಾದರೂ ಸಲ್ಲದು ಎಂದು ಡಾಕ್ಟರಮ್ಮ ಪಾಠದಲ್ಲಿ ಹೇಳಿದ್ದು ಆಕೆಗೆ ನೆನಪಾಯಿತು.

"ಅಮ್ಮ, ಒಲೆ ಜಾಸ್ತಿಯಾಯ್ತು" ಎಂದಿತು ಮಂಚದ ಮೇಲಿನ ಧ್ವನಿ.

"ಸುಮ್ನಿರೇ, ನನಗೆ ಗೊತ್ತಿಲ್ವಾ?"

"ಗೊತ್ತಿದ್ರೆ ಯಾಕೆ ಕರಗಿಹೋಯ್ತು? ಸ್ವಲ್ಪ ಎಣ್ಣೆ ಹಾಕು, ಬೇಗ ಆರಲ್ಲ."

ಎಣ್ಣೆ ಹಾಕಿದಳು. ಮೇಣದ ಮೇಲೆ ಹಾಲಿನ ಕೆನೆಯಂಥ ತೆಳ್ಳನೆಯ ಪೊರೆ ಕಟ್ಟತೊಡಗಿತು.

"ಈಗ. ಅಮ್ಮ, ಈಗ ಇಡು."

"ಇರೇ, ಮಣಿ ತೀರಾ ತಣ್ಣಗಿದೆ. ಬೆಚ್ಚಗೆ ಮಾಡ್ತೀನಿ." ಅಂಗೈಗಳ ನಡುವೆ ಮಣಿಯನ್ನು ಉಜ್ಜಿದಳು. ವಯಸ್ಸಾದ ಕೈ, ಬೆರಳ ತುದಿಗಳಲ್ಲಿ ಬಿಸಿಯೇ ಇರಲಿಲ್ಲ.

"ಅಯ್ಯೋ, ನಿನ್ನ ಕೈ ಕಲ್ಲಿನ ಹಾಗಿರುತ್ತೆ ಈಗೀಗ. ಹದ ಹೋಗಿಬಿಡುತ್ತೆ, ಕೊಡಿಲ್ಲಿ!"

ಪಕ್ಕದಲ್ಲಿ ಬಂದು ನಿಂತ ಮಗಳು ಮಣಿಯನ್ನು ಕಿತ್ತುಕೊಂಡು ಮುಷ್ಟಿಯೊಳಗೆ ಮುಚ್ಚಿಕೊಂಡಳು. ಮೇಣದಮ್ಮ ಮಂಚದ ಕಡೆ ನೋಡಲಿಲ್ಲ, ಮಗಳ ಕಾಲಿನ ಕಡೆ ನೋಡಲಿಲ್ಲ. ಉಸಿರು ಬಿಟ್ಟರೆ ಎಲ್ಲಿ ಅವಳಿಗೆ ತಾನು ಎದ್ದು ಬಂದದ್ದರ ಎಚ್ಚರವಾಗುವುದೋ ಎಂದು ಬೋಗುಣಿಯಲ್ಲೇ ಕಣ್ಣು ನೆಟ್ಟು ನಿಂತಳು.

ಬೆಚ್ಚಗಾದ ಮಣಿಯನ್ನು ಮಗಳು ಎರಡು ಬೆರಳಲ್ಲಿ ಹಿಡಿದು ಕೆನೆಯ ಮೇಲೆ ಇಳಿಸಿ, ಕೈ ತೆಗೆದಳು. ಮಣಿ ಒಂದು ಕ್ಷಣ ಹಾಗೇ ನಿಂತಿತು. ಆಮೇಲೆ ಅದರ ಸುತ್ತ ಒಂದು ಸಣ್ಣ ಕುಳಿ ಬಿತ್ತು. ಕುಳಿಯ ಅಂಚು ಮೆಲ್ಲಗೆ ಮೇಲೇರಿ ಮಣಿಯ ಸೊಂಟದವರೆಗೆ ಬಂತು, ಭುಜದವರೆಗೆ ಬಂತು. ನಿದ್ದೆಗೆ ಜಾರುವವರ ಮೇಲೆ ಯಾರೋ ಹೊದಿಕೆ ಎಳೆಯುತ್ತಿರುವಂತೆ ಕೆಂಪು ಮೇಣ ಬಿಳಿಯನ್ನು ಮುಚ್ಚುತ್ತ ಹೋಯಿತು. ಕೊನೆಗೆ ಒಂದು ಬಿಳಿ ಚುಕ್ಕೆ ಉಳಿಯಿತು. ಮೇಣದಮ್ಮ ಚಮಚದಿಂದ ಒಂದು ಹನಿ ಬಿಟ್ಟಳು, ಅದೂ ಮುಚ್ಚಿತು.

"ಎಲ್ಲಿ ಹೋಯ್ತು?" ಎಂದಳು ಮಗಳು.

"ಒಳಗೆ."

"ಏನೂ ಕಾಣಲ್ಲ."

"ಕಾಣಲ್ಲ. ಅದಕ್ಕೇ ನಾನು ಇಷ್ಟು ವರ್ಷ ಮಾಡ್ಲಿಲ್ಲ ಕಣೇ. ಕಾಣೋ ಗಳಿಗೆ ಮಾತ್ರ ಮಾಡಿಟ್ಟೆ, ನೀನು ಅದನ್ನೇ ನೋಡ್ತಾ ಬೆಳೆದೆ. ನಿಜವಾಗಿ ಅದು ಗೋಡೆ ಮೇಲಿರಲ್ಲ. ಗೋಡೆ ಒಳಗಿರುತ್ತೆ."

ಮೇಣ ಆರಿದ ಮೇಲೆ ಮಗಳು ಬೋಗುಣಿಯನ್ನು ಓರೆ ಮಾಡಿದಳು. ಆಮೇಲೆ ತಲೆಕೆಳಗೆ ಮಾಡಿದಳು. ಗಡ್ಡೆ ಬೋಗುಣಿಯಿಂದ ಬಿಟ್ಟು ಬಂತು. ಅದನ್ನು ಕೈಯಲ್ಲಿ ಹಿಡಿದು ಕುಲುಕಿದಳು. ಒಳಗೆ ಸದ್ದಿಲ್ಲ. ಮೇಜಿಗೆ ಬಡಿದಳು, ತಲೆಯ ಮೇಲಕ್ಕೆತ್ತಿ ಅಲ್ಲಾಡಿಸಿದಳು. ಅದೇ ಹೊತ್ತಿಗೆ ಅಳಿಯ ಬಾಗಿಲಲ್ಲಿ ಕಾಣಿಸಿಕೊಂಡ.

"ಅಯ್ಯಯ್ಯೋ! ನೀನು ಎದ್ದಿದ್ದೀಯಾ?"

ಮಗಳು ಕಲ್ಲಾದಳು. ಎತ್ತಿದ ಕೈ ಎತ್ತಿದಂತೆಯೇ ಇತ್ತು. ಮೆಲ್ಲಗೆ ತಲೆ ಬಗ್ಗಿಸಿ ತನ್ನ ಪಾದಗಳನ್ನು, ಅವುಗಳ ಕೆಳಗಿನ ತಣ್ಣನೆಯ ನೆಲವನ್ನು, ಮಂಚದಿಂದ ಅಲ್ಲಿಯವರೆಗಿನ ದೂರವನ್ನು ನೋಡಿದಳು. ಮಗಳು ಮತ್ತೊಮ್ಮೆ, ಮೊದಲಿಗಿಂತ ಜೋರಾಗಿ, ಗಡ್ಡೆಯನ್ನು ಕಿವಿಯ ಹತ್ತಿರ ಹಿಡಿದು ಕುಲುಕಿದಳು. ಕೇಳಿದಳು.

"ರೀ," ಎಂದಳು, "ಅವತ್ತು ಏನೋ ಹೇಳೋಕೆ ಬಂದ್ರಲ್ಲ, ಏನದು?"

"ಈಗ ಹೇಳ್ಲಾ? ಅತ್ತೆ, ಹೇಳ್ಲಾ?"

"ಹೇಳಿ ಅಳಿಯಂದಿರೇ, ಇಲ್ಲದಿದ್ರೆ ನಿಮಗೆ ಅಜೀರ್ಣ ಆಗುತ್ತೆ."

"ಏನಿಲ್ಲ, ತಲೆ ಮೇಲೆ ಒಂದು ಕೂದಲೂ ಇಲ್ಲದ ಯಜಮಾನ್ರು ಬಂದು ಕುರ್ಚಿ ಮೇಲೆ ಕೂತ್ರು. ಕನ್ನಡೀಲಿ ಚೆನ್ನಾಗಿ ನೋಡ್ಕೊಂಡು, 'ನೋಡಪ್ಪ, ಹಿಂದೆ ಮಾತ್ರ ಸ್ವಲ್ಪ ಉದ್ದ ಬಿಡು' ಅಂದ್ರು. ನಾನೂ ಬಿಟ್ಟೆ! ಅರ್ಧ ಗಂಟೆ ಗಾಳೀಲಿ ಕತ್ತರಿ ಆಡಿಸಿ ಕಳಿಸ್ದೆ. ಖುಷಿಯಾಗಿ ಹೋದ್ರು."

ಮಗಳು ಮೊದಲು ಮೂಗಿನಲ್ಲಿ ನಕ್ಕಳು. ಆಮೇಲೆ ತಡೆಯಲಾರದೆ, ಮೇಜಿಗೆ ಒರಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಹೊಟ್ಟೆ ಹಿಡಿದುಕೊಂಡದ್ದು ನಿಜ, ಆದರೆ ನಗುವವರು ಹಿಡಿದುಕೊಳ್ಳುವ ಹಾಗೆ.

ಆಮೇಲಿನ ದಿನಗಳು ಮಂಜಿನೊಳಗೆ ನಡೆದ ಹಾಗಿದ್ದವು. ಅಮ್ಮ, ಮಗಳು ಸಂಜೆ ಬೀದಿಯ ಕೊನೆಯವರೆಗೆ ನಡೆದು ಬರುವರು. ಮೆಣಸು ಕುಟ್ಟಿದರು, ಸೀನಿದರು. ಮಗಳು ಮಧ್ಯಾಹ್ನದ ಜೊಂಪಿನಲ್ಲಿ ಕಂಡ ಕನಸುಗಳನ್ನು ಹೇಳುವಳು. ಒಂದರಲ್ಲಿ ಅವಳೇ ಒಂದು ಕೆಂಪು ಮರಳುದಿಣ್ಣೆಯಾಗಿದ್ದಳು. ಯಾರೋ ಬರಿಗಾಲಲ್ಲಿ ಬಂದು, ಹೆಜ್ಜೆಯ ಗುರುತೂ ಉಳಿಸದೆ, ಒಳಗೆ ಮಲಗಿಕೊಂಡಿದ್ದರು. ಮೇಣದಮ್ಮ ಹೂಂಗುಟ್ಟುತ್ತ ಕೇಳುವಳು. ಆದರೆ ಡಾಕ್ಟರಮ್ಮ ಅಂದ 'ಅನ್ನಬಹುದು' ಎಂಬ ಮಾತು ಆಕೆಯ ಎದೆಯಲ್ಲಿ ಮುಳ್ಳಿನಂತೆ ಇದ್ದೇ ಇತ್ತು. ಹೊಸ ಗಡ್ಡೆಯನ್ನು ಕಪಾಟಿನ ತೆರಪಿನಲ್ಲಿ ಇಟ್ಟಾಗ ಬೀಗದಣ್ಣ ಕನ್ನಡಕ ಎತ್ತಿಕೊಳ್ಳುತ್ತ, "ಏನಕ್ಕಾ ಇದು, ಇದರಲ್ಲಿ ನೋಡೋಕೆ ಏನಿದೆ?" ಎಂದು ಗೊಣಗಿದ. ಆಕೆ ಸೆರಗಿನಿಂದ ಗಾಜು ಒರೆಸಿ ಕಪಾಟಿನ ಬಾಗಿಲು ಮುಚ್ಚಿದಳು.

ರಕ್ತಪರೀಕ್ಷೆಗೆ ಹೋಗಬೇಕಾದ ಬೆಳಿಗ್ಗೆ ಮಗಳು ಬಚ್ಚಲುಮನೆಯಿಂದ ಹೊರಗೆ ಬರಲು ತಡಮಾಡಿದಳು. ಬಂದಾಗ ಅವಳ ಮುಖ ನೋಡಿಯೇ, ಇದೂ ನಿಲ್ಲಲಿಲ್ಲವೆಂದು ಮೇಣದಮ್ಮನಿಗೆ ತಿಳಿಯಿತು. ಪರೀಕ್ಷೆಯೂ ಆಮೇಲೆ ಅದನ್ನೇ ಹೇಳಿತು.

ಮಗಳು ಹಿತ್ತಿಲ ಮೆಟ್ಟಿಲ ಮೇಲೆ ಕೂತಳು. ಮೇಣದಮ್ಮ ಒಂದು ಮೆಟ್ಟಿಲು ಕೆಳಗೆ ಕೂತು, ಬರಬೇಕಾದ ಮಾತಿಗಾಗಿ ಕಾದಳು. ನೀನೇ ಎಬ್ಬಿಸಿದೆ ಎಂದಾಳು. ಮೇಣದ ಆಟ ಕಟ್ಟಿ ಎಬ್ಬಿಸಿದೆ ಎಂದಾಳು. ಅಂದರೆ ಅನ್ನಲಿ, ಅಂದ ಮೇಲೂ ನಾನು ಅಮ್ಮನೇ ತಾನೇ ಎಂದು ಮನಸ್ಸನ್ನು ಗಟ್ಟಿ ಮಾಡಿಕೊಂಡಳು.

ಕೊನೆಗೆ ಮಗಳು ಹೇಳಿದಳು: "ಇಳಿದಿತ್ತೋ ಇಲ್ವೋ, ಅಲ್ವಾ ಅಮ್ಮ? ಅಥವಾ ಇಳಿದು, ಅಲ್ಲೇ ನಿಂತುಹೋಯ್ತೋ."

"ಗೊತ್ತಿಲ್ಲ ಪುಟ್ಟಿ."

"ನಾನು ಬೀಳಿಸ್ಲಿಲ್ಲ."

"ಇಲ್ಲ."

"ಅವೆರಡನ್ನೂ ಬೀಳಿಸ್ಲಿಲ್ಲ."

"ಇಲ್ಲ ಕಣೇ."

ಮಗಳು ಅಮ್ಮನ ಹೆಗಲಿಗೆ ಹಣೆಯಿಟ್ಟು ಅಳತೊಡಗಿದಳು. ಹಿಂದೆರಡು ಸಲವೂ ಅವಳು ಹಲ್ಲು ಕಚ್ಚಿಕೊಂಡು, ತನ್ನನ್ನೇ ಬೈದುಕೊಳ್ಳುತ್ತ, ಗೋಡೆಯ ಕಡೆ ತಿರುಗಿ ಮಲಗಿದ್ದಳೇ ಹೊರತು ಅತ್ತಿರಲಿಲ್ಲ. ಈಗ ಮೂರಕ್ಕೂ ಸೇರಿಸಿ ಅತ್ತಳು. ಬೆಳ್ಳಿಯ ಗುಳ್ಳೆಯಾಗಿ ಪರದೆಯ ಮೇಲೆ ತೇಲಿದ್ದನ್ನು ನೆನೆದು, ಕೆಲವು ದಿನ ತನ್ನಲ್ಲಿ ತಂಗಿ ಹೋದ ಒಬ್ಬ ಅತಿಥಿಗಾಗಿ ಅಳುವವಳಂತೆ ಅತ್ತಳು. ಅಳಿಯ ಅಂಗಡಿ ತೆರೆಯಲಿಲ್ಲ. ಬಂದು ಅವಳ ಇನ್ನೊಂದು ಪಕ್ಕದಲ್ಲಿ ಕೂತು, ಜೀವನದಲ್ಲಿ ಮೊದಲ ಸಲವೋ ಏನೋ, ಒಂದೂ ಮಾತಾಡಲಿಲ್ಲ.

ಆಸ್ಪತ್ರೆಯಲ್ಲಿ ಅವರದೇ ಇನ್ನೊಂದು ಭ್ರೂಣವನ್ನು ತಣ್ಣಗೆ ಕಾದಿರಿಸಿದ್ದರು. ಅದರ ಮಾತೆತ್ತಿದಾಗ ಮಗಳು, "ಇರಲಿ, ಅದಕ್ಕೂ ಅವಸರ ಇಲ್ಲ, ನನಗೂ ಇಲ್ಲ. ಹಲಗೆ ಮೇಲಿಂದ ಹಾರಿ ಬಹಳ ದಿನ ಆಯ್ತು" ಎಂದಳು.

ಅವಳು ಕೆಲಸಕ್ಕೆ ಮರಳಿದ ವಾರ ಮೇಣದಮ್ಮ ಈಜುಕೊಳಕ್ಕೆ ಹೋದಳು. ಮಕ್ಕಳೆಲ್ಲ ಹೊರಟುಹೋಗಿ ನೀರು ನಿಶ್ಚಲವಾಗಿತ್ತು. ಮೇಲಿನ ಗಾಜಿನ ಸೂರಿನಿಂದ ಇಳಿದ ಬೆಳಕು ತಳದಲ್ಲಿ ಬಲೆಯಂತೆ ಅಲುಗುತ್ತಿತ್ತು. ಆಕೆ ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟಳು.

"ಬಾಮ್ಮ ಒಳಗೆ" ಎಂದಳು ಮಗಳು ನೀರಿನಿಂದ.

"ಹುಚ್ಚಾ ನಿನಗೆ? ಈ ವಯಸ್ಸಲ್ಲಿ? ನಾನು ಕಲ್ಲಿನ ಹಾಗೆ ಮುಳುಗ್ತೀನಿ."

"ಮೇಣ ಎಲ್ಲಾದ್ರೂ ಮುಳುಗುತ್ತಾ? ಬಾ ಅಂದ್ರೆ ಬಾ."

ಉಟ್ಟ ಬಟ್ಟೆಯಲ್ಲೇ ಇಳಿದಳು. ನೀರು ಸೊಂಟಕ್ಕೆ ಬಂದಾಗ ಏದುಸಿರು ಬಿಟ್ಟಳು, ಎದೆಗೆ ಬಂದಾಗ ಮಗಳ ತೋಳನ್ನು ಉಗುರು ಊರುವಂತೆ ಹಿಡಿದಳು. ಮಗಳು ಒಂದು ಅಂಗೈಯನ್ನು ಅಮ್ಮನ ಬೆನ್ನ ಕೆಳಗೆ, ಇನ್ನೊಂದನ್ನು ತಲೆಯ ಕೆಳಗೆ ಇಟ್ಟು ಮೆಲ್ಲಗೆ ಮಲಗಿಸಿದಳು.

"ಮೈ ಬಿಡಮ್ಮ. ಬಿಗಿಹಿಡಿದಷ್ಟೂ ಕಷ್ಟ. ಕತ್ತು ಬಿಡು. ಹಾಂ, ಹಾಗೆ."

ಕಿವಿಗಳು ನೀರಿನೊಳಗೆ ಹೋದವು. ಜಗತ್ತಿನ ಸದ್ದೆಲ್ಲ ನಿಂತು, ಎಲ್ಲೋ ಆಳದಲ್ಲಿ ತನ್ನದೇ ಎದೆಯ ಬಡಿತ ಮಾತ್ರ ಕೇಳಿಸಿತು. ಮೇಣದಮ್ಮ ಕಣ್ಣು ಮುಚ್ಚಿದಳು. ಬೆನ್ನ ಕೆಳಗಿದ್ದ ಅಂಗೈ ಯಾವಾಗ ಸರಿಯಿತೋ ಆಕೆಗೆ ತಿಳಿಯಲೇ ಇಲ್ಲ.